ಆರು ಸಲ ಊದಿದರೆ

ಆ ಬಾಗಿಲು ಹಾಕಿ ಬನ್ನಿ, ಆಮೇಲೆ ಹೇಳ್ತೀನಿ. ಕಟ್ಟುಕತೆ ಅಲ್ಲ ಇದು. ನಮ್ಮ ದೊಡ್ಡಮ್ಮನ ಮಗಳು ಸ್ಪಾಸ್ಕಾಗೆ ಆದದ್ದು.

ಹೋದ ನವೆಂಬರ್. ನಮ್ಮ ರೊಡೋಪಿ ಬೆಟ್ಟದಲ್ಲಿ ಆಗಷ್ಟೇ ಮೊದಲ ಹಿಮ ಬಿದ್ದಿತ್ತು. ಸ್ಪಾಸ್ಕಾ, ಪಕ್ಕದ ಮನೆಯ ಗಾನಾ, ಇಬ್ಬರೂ ಹರಿಟನ್ ಮಾಸ್ತರನ ಪಾಠ ಮುಗಿಸಿ ಕತ್ತಲಲ್ಲಿ ಮನೆಗೆ ಹೊರಟಿದ್ದರು. ಹರಿಟನ್ ಹಳೇ ಸಿಪಾಯಿ. ಕಾಡಲ್ಲಿ ಒಂಟಿಯಾಗಿ ಸಿಕ್ಕಿಬಿದ್ದರೆ ಜೀವ ಉಳಿಸಿಕೊಳ್ಳೋದು ಹೇಗೆ ಅಂತ ಶಾಲೆಯ ಅಂಗಳದಲ್ಲಿ ಹೇಳಿಕೊಡ್ತಿದ್ದ. ಒದ್ದೆ ಕಟ್ಟಿಗೆಗೆ ಬೆಂಕಿ ಹಚ್ಚೋದು, ಕೊಂಬೆ ಹಾಸಿ ಮಲಗೋದು, ಪೀಪಿ ಊದೋದು. ಕಷ್ಟದಲ್ಲಿರೋನು ಆರು ಸಲ ಊದಬೇಕು. ಕೇಳಿಸಿಕೊಂಡೋನು ಮೂರು ಸಲ ಊದಿ ಓಗೊಡಬೇಕು.

"ಆ ಮೂರು ಕೇಳಿದರೆ ಸಾಯೋನೂ ಇನ್ನೊಂದು ರಾತ್ರಿ ಎಳೀತಾನೆ," ಅಂತಿದ್ದ ಹರಿಟನ್.

ಸ್ಪಾಸ್ಕಾ ಸುಮ್ಮನೆ ಸೇರಿದ್ದಲ್ಲ. ಹಿಂದಿನ ಚಳಿಗಾಲದಲ್ಲಿ ಅವಳಪ್ಪ ಊಟದ ನಡುವೆ "ಯಾರೋ ಕರೆದಂಗಾಯ್ತು" ಅಂದ, "ಓ" ಅಂದ, ಎದ್ದು ಹೋದ. ಹೋದವನು ಹೋದನೇ... ಹೆಣವೂ ಸಿಗಲಿಲ್ಲ. ತಮ್ಮ ಮಿಂಚೊಗೂ ಹಾಗಾಗಬಾರದು ಅಂತ ಅವನ ಕಿವಿ ಹಿಡಿದು ಪಾಠಕ್ಕೆ ಎಳ್ಕೊಂಡು ಬಂದಿದ್ದಳು. ಅವರ ಅಜ್ಜಿ ವೆಲಾಗೆ ಈ ಪಾಠ ಅಂದರೆ ಆಗಿಬರ್ತಿರಲಿಲ್ಲ. "ಕತ್ತಲಲ್ಲಿ ಕರೆದರೆ ಓಗೊಡಬೇಡ್ರೇ! ನನ್ನ ಮಗ ಓಗೊಟ್ಟೇ ಹೋದ" ಅಂತ ದಿನಾ ಒಂದೇ ಗೋಳು. ಮಿಂಚೊ ಮನೆಯೊಳಗೆ ಪೀಪಿ ಊದಿದರಂತೂ ಹೆಣಿಗೆ ಕಡ್ಡಿ ಎತ್ತಿಕೊಂಡೇ ಬರೋಳು. "ಕೆಟ್ಟದ್ದನ್ನ ಮನೆಗೆ ಕರೀತೀಯೇನೋ ದರಿದ್ರದವನೇ?"

ಅವತ್ತು ಪಾಠದಲ್ಲಿ ಮಿಂಚೊನ ಬೆಂಕಿ ಹತ್ತಲಿಲ್ಲ. ಎಲ್ಲರೂ ನಕ್ಕರು. ಸ್ಪಾಸ್ಕಾನೂ ಬಿಡಲಿಲ್ಲ. "ಲೋ, ನಿನ್ನ ಬೆಂಕಿಗಿಂತ ಅಜ್ಜಿ ಬೈಗುಳವೇ ಬಿಸಿ ಕಣೋ!"

ಅವನು ಹೊಟ್ಟೆನೋವು ಅಂತ ಅರ್ಧಕ್ಕೇ ಎದ್ದು ಹೋದ. ಮನೆಗೆ ಹೋಗಿರ್ತಾನೆ ಅಂದ್ಕೊಂಡಳು.

ಊರ ಬಾಗಿಲಲ್ಲಿ ಕಲ್ಲಿನ ಬುಗ್ಗೆ ಇದೆಯಲ್ಲ, ಅಲ್ಲಿಗೆ ಬಂದರು. ನೀರು ಗುಳುಗುಳು ಅಂತಿತ್ತು. ಕಾಲಡಿಯ ಹಿಮ ಕರುಂ ಕರುಂ. ಬೇರೆ ಸದ್ದಿಲ್ಲ.

ಆಗ ಮೇಲಿನ ಕಾಡಿಂದ...

ಟುರ್ರ್ರ್.

ಗಾನಾ ಗಕ್ಕನೆ ನಿಂತಳು. ಟುರ್ರ್ರ್... ಮತ್ತೆ... ಮತ್ತೆ. ಆರು ಸಲ. ನಿಂತಿತು.

"ಕೇಳಿಸ್ತಾ?" ಸ್ಪಾಸ್ಕಾ ಪಿಸುಗುಟ್ಟಿದಳು.

"ಹೂಂ. ಬಾಯಿ ಮುಚ್ಕೊಂಡು ನಡಿ."

"ಯಾರಿರಬಹುದೇ?"

"ಪಾಠದೋರೆಲ್ಲ ಮನೆ ಸೇರಿದಾರೆ. ಈ ಹೊತ್ತಲ್ಲಿ ಅಲ್ಲಿ ಮನುಷ್ಯರಿರ್ತಾರಾ?... ನಿಮ್ಮಪ್ಪನ್ನ ಕರೆದದ್ದೇ ಅದು. ನಡಿಯೇ!"

ಸ್ಪಾಸ್ಕಾ ಕೊರಳ ಪೀಪಿಯನ್ನ ತುಟಿಗಿಟ್ಟಳು. ಮೂರೇ ಸಲ ಊದಬೇಕಿತ್ತು. ಅಜ್ಜಿಯ ಮುಖ ಕಣ್ಣ ಮುಂದೆ ಬಂತು, ಅಪ್ಪ "ಓ" ಅಂದದ್ದು ಕಿವೀಲಿ ಕೇಳಿಸಿತು. ಕೈ ಕೆಳಗಿಳಿಯಿತು. ಬೆನ್ನಹಿಂದೆ ಮತ್ತೆ ಆರು ಶುರುವಾಯಿತು. ಇಬ್ಬರೂ ಎದ್ದೆವೋ ಬಿದ್ದೆವೋ ಅಂತ ಓಡಿದರು.

ಮನೆಗೆ ಬಂದು ನೋಡಿದರೆ ಮಿಂಚೊನ ಹಾಸಿಗೆ ಖಾಲಿ. ಬೂಟಿಲ್ಲ. ಕೊಡಲಿಯೂ ಇಲ್ಲ.

"ಅಜ್ಜೀ, ಮಿಂಚೊ ಎಲ್ಲಿ?"

"ನಿನ್ನ ಜೊತೆ ಬರಲಿಲ್ವೇನೇ?"

ಅಷ್ಟೇ. ಸ್ಪಾಸ್ಕಾಗೆ ಎಲ್ಲಾ ಅರ್ಥವಾಯಿತು. ಬೆಂಕಿ ಹಚ್ಚೋದು ಕಲಿತೇ ಬರ್ತೀನಿ ಅಂತ ಒಬ್ಬನೇ ಹೋಗಿದ್ದ, ಹಟಮಾರಿ. ತಲೆಗೆ ಬಟ್ಟೆಯನ್ನೂ ಕಟ್ಟದೆ ಬುಗ್ಗೆಗೆ ಓಡಿದಳು. ಮೂರು ಸಲ ಊದಿದಳು. ಮತ್ತೆ ಮೂರು. "ಮಿಂಚೋ! ನಾನು ಕಣೋ, ಕೇಳಿಸ್ತು ಕಣೋ!" ಅಂತ ಕೂಗಿದಳು. ತುಟಿ ಒಡೆದು ರಕ್ತ ಬರೋ ತನಕ ಊದಿದಳು.

ನೀರು ಗುಳುಗುಳು ಅಂತಿತ್ತು... ಅಷ್ಟೇ.

ಹರಿಟನ್, ನಾನು, ಇನ್ನೂ ನಾಲ್ಕಾರು ಜನ ಲಾಟೀನು ಹಿಡಿದು ಹತ್ತಿದೆವು. ಸಿಕ್ಕಿದ್ದು ಬೆಳಕು ಹರಿದ ಮೇಲೆ. ಹಳ್ಳಕ್ಕೆ ಜಾರಿ ಕಾಲು ಮುರಿದುಕೊಂಡಿದ್ದ. ಪಕ್ಕದಲ್ಲಿ ಸುಟ್ಟ ಬೆಂಕಿಕಡ್ಡಿಗಳು. ಹತ್ತದ ಕಟ್ಟಿಗೆ. ಪೀಪಿ ಹಲ್ಲಲ್ಲಿ ಕಚ್ಚಿಕೊಂಡೇ ಸೆಟೆದುಹೋಗಿದ್ದ. ಹರಿಟನ್ ಅದನ್ನ ಬಿಡಿಸೋಕೆ ಪಟ್ಟ ಪಾಡು ನನಗೇ ಗೊತ್ತು.

ಬಿಡಿಸಿದವನು ಅದನ್ನೇ ನೋಡ್ತಾ ನಿಂತುಬಿಟ್ಟ. "ಇದೇನಿದು?"

ಪೀಪಿಯ ಬಾಯಿತುಂಬ ಕೆಂಪು ಉಣ್ಣೆ. ಬಿರಡೆ ಜಡಿದ ಹಾಗೆ ತುರುಕಿತ್ತು. ನಾನೂ ಹರಿಟನ್ನೂ ಅಲ್ಲೇ ಊದಿ ನೋಡಿದೆವು. ಉಸಿರು ಕೂಡ ಆಚೆ ಹೋಗಲಿಲ್ಲ.

ಮಣ್ಣು ಮಾಡಿ ಬಂದ ದಿನ ವೆಲಾ ಅಜ್ಜಿ, ಸತ್ತವರ ಹೆಸರಲ್ಲಿ ಬೇಯಿಸೋ ಗೋಧಿಯ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದಳು. ಒಂದು ಕಾಳೂ ಬಾಯಿಗಿಡಲಿಲ್ಲ.

"ನಾನೇ ತುರುಕಿದ್ದು," ಅಂದಳು. "ಹಿಂದಿನ ದಿನ. ಹೆಣಿಗೆ ಕಡ್ಡೀಲಿ. ಮನೇಲಿ ಊದ್ತಾನಲ್ಲ ಅಂತ..."

ಸ್ಪಾಸ್ಕಾ ತಲೆ ಎತ್ತಿದಳು. "ಸುಳ್ಳು. ನಾನು ಕೇಳಿದೀನಿ ಅಜ್ಜೀ. ಆರು ಸಲ. ಕೇಳಿಯೂ ನಾನು..."

ಗಾನಾನೂ ಕೇಳಿದ್ದಳು. ಅವಳನ್ನೇ ಕೇಳಿ ಬೇಕಾದರೆ, ಆಣೆ ಇಟ್ಟು ಹೇಳ್ತಾಳೆ.

ಈಗಲೂ ಸ್ಪಾಸ್ಕಾ ರಾತ್ರಿ ಬುಗ್ಗೆಗೆ ಹೋಗಿ ಮೂರು ಸಲ ಊದಿ ಬರ್ತಾಳೆ. ಯಾರೂ ಬೇಡ ಅನ್ನಲ್ಲ. ಮಿಂಚೊನ ಪೀಪಿ ಅವರ ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ. ನನ್ನ ಮಾತು ಸುಳ್ಳು ಅನ್ನೋರು ನಾಳೆ ಹೋಗಿ ಊದಿ ನೋಡಿ. ಉಣ್ಣೆ ಇನ್ನೂ ಅದರೊಳಗೇ ಇದೆ.