ಮನೆಯ ಒಬ್ಬರಿಗಾಗಿ

ಈ ಸಭೆಯ ಅಧ್ಯಕ್ಷರೂ, ತಿಂಗಳಿಗೊಮ್ಮೆ ನನ್ನ ಕುರ್ಚಿಯಲ್ಲಿ ಕೂತು ನಾನು ಹೇಳಿದ ಕಡೆಗೆ ತಲೆ ಬಗ್ಗಿಸುವವರೂ ಆದ ಪೂಜ್ಯ ಗುರುಗಳೇ, ಕೂದಲಿಲ್ಲದ ಕಾರಣ ನನ್ನ ಅಂಗಡಿಯ ಮೆಟ್ಟಿಲನ್ನು ಎಂದೂ ಹತ್ತದ ಮುಖ್ಯ ಅತಿಥಿಗಳಾದ ವೈದ್ಯರೇ, ಕಾನ್ವೆಂಟಿನ ಸಿಸ್ಟರ್‌ಗಳೇ, ನಮ್ಮ ಚರ್ಚಿನ ಧರ್ಮಕೇಂದ್ರದ ಎಲ್ಲ ಕುಟುಂಬಗಳ ಹಿರಿಯರೇ, ಕಿರಿಯರೇ, ಈಗಾಗಲೇ ಗಡಿಯಾರ ನೋಡುತ್ತಿರುವ ಸಭಿಕರೇ, ನಿಮಗೆಲ್ಲ ನನ್ನ ವಂದನೆಗಳು.

ಕ್ಷೌರದ ಅಂಗಡಿಯವನ ಕೈಗೆ ಮೈಕು ಕೊಡಬೇಡಿ ಎಂದು ನನ್ನ ಹೆಂಡತಿ ಸಮಿತಿಯವರನ್ನು ಮೊದಲೇ ಎಚ್ಚರಿಸಿದ್ದಳು. ಅವರು ಕೇಳಲಿಲ್ಲ. ಮೂವತ್ತೊಂದು ವರ್ಷದಿಂದ ನಾನು ಮಾತಾಡುತ್ತಾ ಬಂದಿರುವುದು, ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತವರ ಮುಂದೆ. ಅವರು ಎದುರು ಮಾತಾಡುವಂತಿಲ್ಲ, ಅರ್ಧಕ್ಕೆ ಎದ್ದು ಹೋಗುವಂತೆಯೂ ಇಲ್ಲ. ನಿಮಗೆ ಆ ಕಷ್ಟವಿಲ್ಲ.

ಇಂದು ನೀವು ನಮಗೆ ಶಾಲು ಹೊದಿಸಿ, ಈ ಫಲಕ ಕೊಟ್ಟಿದ್ದೀರಿ. ‘ಆದರ್ಶ ಪ್ರಾರ್ಥನಾ ಕುಟುಂಬ’ ಎಂದು ಇದರ ಮೇಲೆ ಬರೆದಿದೆ. ಇಪ್ಪತ್ತೈದು ವರ್ಷ ಒಂದು ಸಂಜೆಯೂ ತಪ್ಪದೆ ಮನೆಯಲ್ಲಿ ಜಪಮಾಲೆ ಪ್ರಾರ್ಥನೆ ನಡೆಸಿದ ಕುಟುಂಬ ಎಂದು ನಿರೂಪಕರು ಓದಿ ಹೇಳಿದರು. ಅದು ನಿಜ. ಸಂಜೆ ಏಳಾದರೆ ನಮ್ಮ ಮುಂದಿನ ಕೋಣೆಯಲ್ಲಿ ಚಾಪೆ ಬಿಚ್ಚಿಕೊಳ್ಳುತ್ತದೆ, ಬಟ್ಟೆ ಬೀರುವಿನ ಮೇಲಿರುವ ಮಾತೆ ಮರಿಯಮ್ಮನವರ ಮುಂದೆ ಮೇಣದಬತ್ತಿ ಹತ್ತುತ್ತದೆ. ಜ್ವರ ಬಂದರೂ ಅಷ್ಟೇ, ನೆಂಟರು ಬಂದರೂ ಅಷ್ಟೇ.

ನನ್ನ ಮಗ ಹುಟ್ಟಿದ್ದು ಏಳು ಗಂಟೆ ಹತ್ತು ನಿಮಿಷಕ್ಕೆ. ಆಸ್ಪತ್ರೆಯ ಬೆಂಚಿನ ಮೇಲೆ ನಾಲ್ಕು ವರ್ಷದ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ನಾನು ಜಪಮಾಲೆ ಹೇಳುತ್ತಿದ್ದೆ. ನರ್ಸ್ ಹೊರಗೆ ಬಂದು, “ಗಂಡು ಮಗು. ನಿಮ್ಮ ಹೆಂಡತಿ ನಿಮ್ಮನ್ನೇ ಕೇಳ್ತಿದ್ದಾರೆ” ಎಂದಳು. ತಾಳಿ ಎಂದು ನಾನು ಕೈಸನ್ನೆ ಮಾಡಿದೆ. ಮಾಲೆಯಲ್ಲಿ ಇನ್ನೂ ಹತ್ತು ಹತ್ತು ಮಣಿಗಳ ಎರಡು ಸುತ್ತು ಬಾಕಿ ಇತ್ತು. “ದೇವರು ಎಲ್ಲಿಗೂ ಓಡಿಹೋಗಲ್ಲ ಕಣ್ರೀ, ಬನ್ನಿ” ಎಂದಳು ಆಕೆ. ನಾನು ಮುಗಿಸಿಯೇ ಒಳಗೆ ಹೋದೆ. ಇದನ್ನು ನಾನು ಅಂಗಡಿಯಲ್ಲಿ ನೂರಾರು ಸಲ ಹೆಮ್ಮೆಯಿಂದ ಹೇಳಿದ್ದೇನೆ. ಈಗ ಹೇಳುತ್ತಾ ಹೆಂಡತಿಯ ಕಡೆ ನೋಡಿದರೆ ಅವಳು ಕೈಚೀಲದಲ್ಲಿ ಏನನ್ನೋ ಹುಡುಕುತ್ತಿದ್ದಾಳೆ. ಇರಲಿ.

ನಂಬಿಕೆ ಎಲ್ಲಿರುತ್ತದೆ, ಸಭಿಕರೇ? ಭಾನುವಾರದ ಪೂಜೆಯಲ್ಲಿ ಮಾತ್ರವೇ? ಮನೆಯ ಒಲೆಯ ಬಳಿ, ಬಚ್ಚಲಿನ ಬಾಗಿಲಲ್ಲಿ, ಗಂಡ ಹೆಂಡಿರ ಜಗಳದಲ್ಲಿ ಅದು ಇರಬೇಡವೇ? ಇರಬೇಕು ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಆದ್ದರಿಂದಲೇ ನಮ್ಮ ಮನೆಯಲ್ಲಿ ಒಂದು ಪದ್ಧತಿ ಮಾಡಿದ್ದೆ. ಜಪಮಾಲೆ ಮುಗಿದ ಮೇಲೆ ಪ್ರತಿಯೊಬ್ಬರೂ ಗಟ್ಟಿಯಾಗಿ ಒಂದು ಕೋರಿಕೆ ಹೇಳಬೇಕು. ಉಳಿದವರೆಲ್ಲ “ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ” ಎಂದು ಉತ್ತರ ಕೊಡಬೇಕು.

ಮೊದಮೊದಲು ನಾವು ರೋಗಿಗಳಿಗಾಗಿ, ಲೋಕದ ಶಾಂತಿಗಾಗಿ ಕೋರಿಕೊಂಡೆವು. ಆಮೇಲೆ ಲೋಕ ಬಿಟ್ಟು ಮನೆಗೆ ಬಂದೆವು. “ತಾಯಿ, ಈ ಮನೆಯಲ್ಲಿ ಅಡುಗೆಗೆ ಉಪ್ಪು ಸುರಿಯುವ ಕೈಗೆ ಹಿಡಿತ ಕೊಡಿ” ಎಂದು ಒಂದು ದಿನ ನಾನು ಬೇಡಿಕೊಂಡೆ. ಹೆಂಡತಿ “ಆಲಿಸಿರಿ” ಎಂದಳು, ಬೇರೆ ದಾರಿ ಇರಲಿಲ್ಲ. ಮರುಕ್ಷಣವೇ ಅವಳು, “ತಾಯಿ, ತುಟಿ ಪಿಟಕ್ಕೆನ್ನದೆ ಉಣ್ಣುವ ಗಂಡಸನ್ನು ಒಬ್ಬನನ್ನಾದರೂ ಈ ಲೋಕಕ್ಕೆ ಕೊಡಿ” ಎಂದಳು. ನಾನೂ “ಆಲಿಸಿರಿ” ಎಂದೆ. ಮಗನಂತೂ ಒಂದು ಸಂಜೆ, “ಅಪ್ಪನ ಕೋರಿಕೆ ಗಿಡ್ಡ ಆಗ್ಲಿ” ಎಂದು ಕಣ್ಣು ಮುಚ್ಚಿಕೊಂಡೇ ಬೇಡಿದ.

ನೀವು ನಗುತ್ತಿದ್ದೀರಿ. ನಾವೂ ನಗುತ್ತಿದ್ದೆವು. ಆದರೆ ನನಗೆ ಇದು ಬಹಳ ಅನುಕೂಲವಾಯಿತು. ಎದುರು ನಿಂತು ಬೈದರೆ ಮಕ್ಕಳು ಎದುರಾಡುತ್ತಾರೆ. ಪ್ರಾರ್ಥನೆಯಲ್ಲಿ ಬೈದರೆ? ಎದುರಾಡುವಂತಿಲ್ಲ. ಅಷ್ಟೇ ಅಲ್ಲ, ಬೈಸಿಕೊಂಡವರೇ “ಆಲಿಸಿರಿ” ಎಂದು ಒಪ್ಪಿಗೆ ಕೊಡಬೇಕು. ನಾನು ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. “ಈ ಮನೆಯ ಒಬ್ಬರಿಗಾಗಿ” ಎಂದಷ್ಟೇ ಶುರು ಮಾಡುತ್ತಿದ್ದೆ. ಬೆಳಿಗ್ಗೆ ಬೇಗ ಏಳದ ಒಬ್ಬರಿಗಾಗಿ. ಫೋನು ಕೆಳಗಿಡದ ಒಬ್ಬರಿಗಾಗಿ. ಆ ಒಬ್ಬರು ಬಹಳಷ್ಟು ಸಲ ನನ್ನ ಮಗಳೇ ಆಗಿರುತ್ತಿದ್ದಳು. ಹಿರಿಯವಳಲ್ಲವೇ, ತಿದ್ದಬೇಕಾದದ್ದು ಅವಳನ್ನೇ ಎಂದು ನನ್ನ ಲೆಕ್ಕ.

ಮಗಳಿಗೆ ಕೆಲಸದ ಒತ್ತಡದಿಂದ ಇಂದು ಬರಲಾಗಿಲ್ಲ ಎಂದು ನಿರೂಪಕರು ಆಗ ಹೇಳಿದರು. ಅವರದೇನೂ ತಪ್ಪಿಲ್ಲ, ಹೋದ ವಾರವೇ ಹಾಗೆ ಬರೆದುಕೊಟ್ಟವನು ನಾನೇ. ಕೆಲಸವೇನೋ ಇದೆ. ದಂತವೈದ್ಯರ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವವಳು ಅವಳು. ನಿಮ್ಮಲ್ಲಿ ಕೆಲವರು ಈಗ ನನ್ನ ಮಾತಿಗೆ ನಗುತ್ತಿರುವುದು ಅವಳು ಮಾಡಿದ ಹಲ್ಲಿನಿಂದಲೇ. ಆದರೆ ಈ ವೇದಿಕೆಯ ಮೇಲೆ ನಾಲ್ಕನೆಯ ಕುರ್ಚಿ ಖಾಲಿ ಇರುವುದು ಕೆಲಸದಿಂದಲ್ಲ. ಎರಡು ವರ್ಷದಿಂದ ಅವಳು ನಮ್ಮ ಜತೆ ಪ್ರಾರ್ಥನೆಗೆ ಕೂತಿಲ್ಲ. ನನ್ನ ಜತೆ ಮಾತಾಡಿಲ್ಲ.

ನಿಮಗೆ ಗೊತ್ತಿರುವಂತೆ ಅವಳ ಮದುವೆ ನಿಶ್ಚಯವಾಗಿತ್ತು. ಉಂಗುರ ಬದಲಾಯಿಸಿ ಆಗಿತ್ತು. ಮೂರು ಭಾನುವಾರ ಪೂಜೆಯಲ್ಲಿ ಓದಬೇಕಾದ ಮದುವೆಯ ಪ್ರಕಟಣೆಯಲ್ಲಿ ಮೊದಲನೆಯದನ್ನು ಗುರುಗಳು ಓದಿಯೂ ಆಗಿತ್ತು. ಆ ಮಂಗಳವಾರ ಮಗಳು ಉಂಗುರ ಹಿಂದಿರುಗಿಸಿ ಬಂದಳು. ಸಂಜೆ ಆರೂಮುಕ್ಕಾಲಿಗೆ ನಾನು ಚಾಪೆ ಹಾಸುತ್ತಿದ್ದಾಗ ಬಾಗಿಲಲ್ಲಿ ನಿಂತು, “ಅಪ್ಪಾ, ಒಂದು ಹತ್ತು ನಿಮಿಷ ಕೂತ್ಕೊಳ್ಳಿ. ಯಾಕೆ ಅಂತ ನಿಮಗೆ ನಾನೇ ಹೇಳ್ಬೇಕು” ಎಂದಳು. ಅಂದು ಮಾತೆಯ ಪ್ರತಿಮೆ ಮನೆಯಿಂದ ಮನೆಗೆ ಹೋಗುವ ಸರದಿಯಲ್ಲಿ ನಮ್ಮ ಮನೆಗೆ ಬರುವುದಿತ್ತು. “ಜನ ಬರೋ ಹೊತ್ತಾಯ್ತು, ಮೊದಲು ಪ್ರಾರ್ಥನೆ ಮುಗೀಲಿ” ಎಂದೆ.

ಮೂವತ್ತು ಜನ ಬಂದರು. ನಿಮ್ಮಲ್ಲಿ ಹಲವರು ಇದ್ದಿರಿ. ಜಪಮಾಲೆ ಮುಗಿಯಿತು. ನಾನು ಎದ್ದುನಿಂತು ಹೇಳಿದೆ: “ದೇವರ ಮುಂದೆ ಕೊಟ್ಟ ಮಾತನ್ನು ಮುರಿದು, ತಂದೆತಾಯಿಯ ತಲೆ ತಗ್ಗಿಸಿದ ಈ ಮನೆಯ ಒಬ್ಬರಿಗಾಗಿ, ಅವರಿಗೆ ಬುದ್ಧಿ ಬರಲೆಂದು ಬೇಡಿಕೊಳ್ಳೋಣ.” ನೀವೆಲ್ಲ ಉತ್ತರ ಕೊಟ್ಟಿರಿ. ಮಗಳೂ ಕೊಟ್ಟಳು. ಇಪ್ಪತ್ತು ವರ್ಷದ ರೂಢಿ, ಬಾಯಿಗೆ ತಾನಾಗಿ ಬಂದುಬಿಟ್ಟಿತು. ಅಷ್ಟು ಜನರ ನಡುವೆ ನನಗೆ ಅವಳ ದನಿ ಬೇರೆಯಾಗಿ ಕೇಳಿಸಿತು. ಅವಳು ಎಲ್ಲರಿಗೂ ಕಾಫಿ ಕೊಟ್ಟಳು, ಲೋಟ ತೊಳೆದಳು, ಚಾಪೆ ಸುತ್ತಿಟ್ಟಳು. ಆಮೇಲೆ ನಾನು, “ಹೂಂ, ಏನೋ ಹೇಳ್ಬೇಕು ಅಂದ್ಯಲ್ಲ, ಹೇಳು” ಎಂದೆ.

“ನೀವು ದೇವರ ಹತ್ರ ಹೇಳಿ ಆಯ್ತಲ್ಲ ಅಪ್ಪಾ. ಇನ್ನು ನನ್ನ ಹತ್ರ ಕೇಳೋಕೆ ಏನಿದೆ?”

ಮರುದಿನ ಅವಳು ಲ್ಯಾಬಿನ ಹತ್ತಿರ ಬಾಡಿಗೆ ಕೋಣೆಗೆ ಹೋದಳು. ಉಂಗುರ ಯಾಕೆ ಹಿಂದಿರುಗಿಸಿದಳು? ನನಗೆ ಇಂದಿಗೂ ಗೊತ್ತಿಲ್ಲ. ನನ್ನ ಹೆಂಡತಿಗೆ ಗೊತ್ತು. ಕೇಳಿದರೆ, “ಅದು ಅವಳ ಬಾಯಿಂದ ಬರಬೇಕಾದ ಮಾತು. ನಾನು ಹೇಳಿದ್ರೆ ನೀವು ಅದನ್ನೂ ಏಳು ಗಂಟೆ ಪ್ರಾರ್ಥನೇಲಿ ಎತ್ಕೊಳ್ತೀರಿ” ಎನ್ನುತ್ತಾಳೆ.

ನಾನು ಸುಮ್ಮನೆ ಕೂರಲಿಲ್ಲ. ಪ್ರತಿ ಸಂಜೆ, “ದೂರ ಹೋದ ಒಬ್ಬರು ಮರಳಿ ಬರಲಿ” ಎಂದು ಕೋರಿಕೊಳ್ಳತೊಡಗಿದೆ. ಉಳಿದ ಎಲ್ಲ ಕೋರಿಕೆಗೂ ಉತ್ತರ ಕೊಡುವ ಹೆಂಡತಿ ಇದಕ್ಕೆ ಮಾತ್ರ ಬಾಯಿ ತೆರೆಯುವುದಿಲ್ಲ. ಮಗನೂ ತೆರೆಯುವುದಿಲ್ಲ. ಎರಡು ವರ್ಷದಿಂದ ನಾನೇ ಕೋರಿ, ನಾನೇ “ಆಲಿಸಿರಿ” ಎಂದುಕೊಳ್ಳುತ್ತಿದ್ದೇನೆ. ಈ ಫಲಕದಲ್ಲಿ ಕುಟುಂಬ ಎಂದು ಬರೆದಿದೆ, ನೋಡಿ.

ಕೊನೆಗೆ ಪಾಪನಿವೇದನೆಗೆ ಹೋದೆ. ಅಲ್ಲಿ ಆಡಿದ ಮಾತನ್ನು ಗುರುಗಳು ಹೊರಗೆ ಹೇಳುವಂತಿಲ್ಲ, ಹೇಳಿದವನು ಹೇಳಬಹುದು. ನನಗೆ ಕೊಟ್ಟ ಪ್ರಾಯಶ್ಚಿತ್ತ ಇಷ್ಟೇ: ಮಗಳಿಗೆ ಫೋನ್ ಮಾಡಿ ಕ್ಷಮೆ ಕೇಳಬೇಕು. “ಫಾದರ್, ಅದರ ಬದಲು ಹತ್ತು ಜಪಮಾಲೆ ಹೇಳ್ತೀನಿ” ಎಂದೆ. “ಅಷ್ಟು ಸುಲಭದ್ದು ನಿಮಗೆ ಕೊಡೋದಿಲ್ಲ” ಎಂದರು. ಫೋನ್ ಮಾಡಿದೆ. ಅವಳು “ಅಪ್ಪಾ?” ಎಂದಳು. ನಾನು, “ತಗೋ, ಅಮ್ಮ ಮಾತಾಡ್ಬೇಕಂತೆ” ಎಂದು ಹೆಂಡತಿಯ ಕೈಗೆ ಕೊಟ್ಟುಬಿಟ್ಟೆ. ಗುರುಗಳೇ, ಆ ಪ್ರಾಯಶ್ಚಿತ್ತ ಇನ್ನೂ ಬಾಕಿ ಇದೆ.

ಇಂದು ಇಲ್ಲಿಗೆ ಹೊರಡುವಾಗ ಹೆಂಡತಿ ನನ್ನ ಕಾಲರು ಸರಿಮಾಡುತ್ತಾ, “ಅವಳೂ ಬರ್ತಾಳೆ, ಹಿಂದೆ ಎಲ್ಲೋ ಕೂರ್ತಾಳೆ. ನೀವು ವೇದಿಕೆ ಮೇಲಿಂದ ಏನೂ ಶುರು ಮಾಡ್ಬೇಡಿ” ಎಂದಳು. “ಅಂಗಡೀಲಿ ಗಿರಾಕಿ ಜತೆ ಕನ್ನಡಿ ನೋಡ್ಕೊಂಡು ಮಾತಾಡಿ ಮಾತಾಡಿ ನಿಮಗೆ ಅದೇ ರೂಢಿಯಾಗಿದೆ. ಮಗಳ ಹತ್ರ ಮಾತಾಡೋಕೆ ದೇವರನ್ನೇ ಕನ್ನಡಿ ಮಾಡ್ಕೊಂಡ್ರಿ. ಒಂದ್ಸಲ ತಿರುಗಿ ನೋಡ್ರೀ.”

ಮಗಳು ಬಂದಿದ್ದಾಳೆ. ಗಾಯಕವೃಂದ ಹಾಡುತ್ತಿದ್ದಾಗಲೇ ಬಂದು ಕೊನೆಯ ಸಾಲಿನಲ್ಲಿ ಕೂತದ್ದನ್ನು ನೋಡಿದೆ. ನೋಡಿದ ಮೇಲೆಯೇ ನಾನು ಬರೆದು ತಂದಿದ್ದ ಭಾಷಣವನ್ನು ಜೇಬಿಗೆ ಹಾಕಿಕೊಂಡು ಇಷ್ಟೆಲ್ಲ ಹೇಳಿದ್ದು. ಆದರೆ ಸಭಿಕರೇ, ಇಷ್ಟು ಹೊತ್ತು ನಾನು ಮಾಡಿದ್ದೇನು? ಅಂದು ದೇವರನ್ನು ಮುಂದಿಟ್ಟುಕೊಂಡು ಅವಳಿಗೆ ಹೇಳಿದೆ. ಇಂದು ನಿಮ್ಮನ್ನು ಮುಂದಿಟ್ಟುಕೊಂಡು ಹೇಳುತ್ತಿದ್ದೇನೆ. ತಿರುಗಿ ನೋಡಿದ್ದು ಎಲ್ಲಿ ಬಂತು?

ಒಂದು ಮಾತನ್ನು ಮಾತ್ರ ನಾನು ಇಲ್ಲಿಂದಲೇ ಹೇಳಬೇಕು, ಏಕೆಂದರೆ ಅದನ್ನು ಕೆಡಿಸಿದ್ದು ನಾಲ್ಕು ಜನರ ಮುಂದೆಯೇ. ಮಗಳೇ, ಆ ಸಂಜೆ ನಾನು ಹೇಳಿದ್ದು ಪ್ರಾರ್ಥನೆಯಲ್ಲ. ತಪ್ಪು ನನ್ನದು. ಅದಕ್ಕೆ ನಿನ್ನ ಬಾಯಿಂದ ಉತ್ತರ ಹೇಳಿಸಿದ್ದು ಇನ್ನೂ ದೊಡ್ಡ ತಪ್ಪು. ಈಗ ಇದಕ್ಕೆ ನೀನು ಏನೂ ಉತ್ತರ ಕೊಡಬೇಕಾಗಿಲ್ಲ.

ಕಾರ್ಯಕ್ರಮ ಪಟ್ಟಿಯ ಪ್ರಕಾರ ನಾನು ಒಂದು ಪ್ರಾರ್ಥನೆಯೊಂದಿಗೆ ಮಾತು ಮುಗಿಸಬೇಕು. ಗುರುಗಳು ಕ್ಷಮಿಸಬೇಕು, ಅದನ್ನು ನೀವೇ ಮಾಡಿಸಿ. ನಾನು ಮನೆಯಲ್ಲಿ ಮುಂದೆಯೂ ಪ್ರಾರ್ಥಿಸುತ್ತೇನೆ, ನೀವೂ ಬಿಡಬೇಡಿ, ಪ್ರಾರ್ಥನೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಮಕ್ಕಳು ಬಾಗಿಲಲ್ಲಿ ನಿಂತು ಹತ್ತು ನಿಮಿಷ ಕೇಳಿದರೆ, ಮೊದಲು ಆ ಹತ್ತು ನಿಮಿಷ ಕೊಡಿ. ದೇವರು ಕಾಯುತ್ತಾರೆ.

ಅವಳು ಎದ್ದು ನಿಂತಿದ್ದಾಳೆ. ಬಾಗಿಲ ಕಡೆ ಹೊರಟಳೋ, ಇತ್ತ ಬರುತ್ತಿದ್ದಾಳೋ, ಇಷ್ಟು ದೂರದಿಂದ ನನ್ನ ಕಣ್ಣಿಗೆ ತಿಳಿಯುತ್ತಿಲ್ಲ. ಯಾವುದಾದರೂ ಸರಿ, ಈಗ ಇಳಿದು ನಡೆಯಬೇಕಾದವನು ನಾನು. ದಯವಿಟ್ಟು ಚಪ್ಪಾಳೆ ತಟ್ಟಬೇಡಿ, ನಡುವಿನ ದಾರಿಯಲ್ಲಿ ಕುರ್ಚಿ ಹಾಕಿಕೊಂಡವರು ಸ್ವಲ್ಪ ಸರಿದುಕೊಳ್ಳಿ. ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ಧನ್ಯವಾದಗಳು. ನಮಸ್ಕಾರ.