ಕಿಲಾರಿಯ ಚಪ್ಪಲಿ

ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದ ಟೀಚರ್ ಗಂಗಾಂಬಿಕಾಗೆ ಪಕ್ಕದ ಕಟ್ಟೆಯ ಮಾತು ಬೇಡವೆಂದರೂ ಕಿವಿಗೆ ಬಿತ್ತು. ಬೋರಯ್ಯ ಎಂಬ ಮುದುಕನಿಗೆ ತಂಗಿ ದ್ಯಾಮಕ್ಕ ಬಹಳ ದಿನಕ್ಕೆ ಸಿಕ್ಕಿದ್ದಳು.

“ಅಣ್ಣಾ, ಕಾಲಾಗ ಚಪ್ಲಿ ಹಾಕ್ಕೊಂಡೀಯಲ್ಲ!”

“ಹೂಂ.”

“ದೇವರ ದನ ಕಾಯೋ ಕಿಲಾರಿ ಚಪ್ಲಿ ಮೆಟ್ಟಬಾರ್ದು ಅಂತ ಅಪ್ಪ ಸಾಯೋತನಕ ಬರಿಗಾಲಾಗ ಇದ್ದ.”

“ಅಪ್ಪನ ಕಾಲಕ್ಕ ರೋಹಿಣಿ ಅಂದ್ರ ರೋಹಿಣಿ ಮಳಿ ಬರತಿತ್ತು, ದ್ಯಾಮಿ. ಈಗ ಮೂರು ವರ್ಷಾತು, ಗುಡ್ಡದಾಗ ಒಂದು ಎಸಳು ಹುಲ್ಲು ಹುಟ್ಟಿಲ್ಲ.”

“ನಮ್ಮ ಹೋರಿ ಮುತ್ತಯ್ಯ ಹೆಂಗದಾನ?”

ಬೋರಯ್ಯ ಚಪ್ಪಲಿಯನ್ನೇ ನೋಡುತ್ತ ಕುಳಿತ.

“ಕಡೀಗೆ ಅವನೊಬ್ಬ ಉಳಿದಿದ್ದ. ಯುಗಾದಿ ಹಿಂದಿನ ದಿನ ಮಣ್ಣು ಮಾಡಿದ್ವಿ.”

“ಎಲ್ಲಾವೂ ಹೋದ್ವಾ?”

“ನಲವತ್ತಾರೂ.”

ದ್ಯಾಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಮತ್ತ ನೀನು?”

“ರಸ್ತಿ ಕೆಲಸಕ್ಕ ಹೊಂಟೀನಿ. ಡಾಂಬರು ಕಾಲು ಸುಡತೈತಿ.”

ಬಸ್ ಬಂತು. ಇಬ್ಬರೂ ಎದ್ದರು. ಕಾಗದ ಮೇಯುತ್ತಿದ್ದ ಬೀದಿಹಸುವೊಂದು ಅಡ್ಡ ಬಂದಿದ್ದೇ, ಬೋರಯ್ಯ ಥಟ್ಟನೆ ಚಪ್ಪಲಿ ಕಳಚಿ, ಅದು ದಾಟಿಹೋಗುವವರೆಗೂ ಸುಡುವ ನೆಲದ ಮೇಲೆ ಬರಿಗಾಲಲ್ಲಿ ನಿಂತ. ಆಮೇಲೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಬಸ್ ಹತ್ತಿದ.