ಕಿಡ್ನಿ ಕೇಳುವ ಮೇಲ್

ಡಯಾಲಿಸಿಸ್ ಕೋಣೆಯ ಹೊರಗೆ ಮನಸ್ಸಿನಲ್ಲೇ ಒಂದು ಪದ್ಯ ಹೇಳಿಕೊಳ್ಳುತ್ತ ಕೂತಿದ್ದೆ. ಪಕ್ಕದಲ್ಲಿ ಗುರುತಿಲ್ಲದ ಇಬ್ಬರು ಅಕ್ಕತಂಗಿಯರು. ಒಳಗಿದ್ದವನು ತಂಗಿಯ ಗಂಡ. ಅವಳ ಮಡಿಲಲ್ಲಿ ಲ್ಯಾಪ್‌ಟಾಪು.

"ಅಕ್ಕಾ, ಆಸ್ಪತ್ರೆ ವೆಬ್‌ಸೈಟು ನನ್ನ ಮೇಲ್‌ನಲ್ಲಿರೋ ವಿಳಾಸಗಳನ್ನೆಲ್ಲ ತೆರೆದಿಟ್ಟಿದೆ. ಇವರಿಗೆ ಕಿಡ್ನಿ ಕೊಡ್ತೀರಾ ಅಂತ ಯಾರನ್ನ ಕೇಳ್ಬೇಕೋ ಅವರಿಗೆ ಟಿಕ್ ಹಾಕಿದ್ರೆ ಮೇಲ್ ಹೋಗುತ್ತಂತೆ."

"ಹಾಕು ಮತ್ತೆ."

"ಮೈದುನನಿಗೆ ಹಾಕ್ದೆ. ಇವರ ಮ್ಯಾನೇಜರಿಗೂ ಹಾಕ್ದೆ."

"ರಜೆ ಕೊಡದವನು ಕಿಡ್ನಿ ಕೊಡ್ತಾನೇನೇ?"

"ಕೇಳೋದ್ರಲ್ಲಿ ಏನ್ ಹೋಗುತ್ತೆ?"

ಅಕ್ಕ ಪರದೆಯತ್ತ ಬಗ್ಗಿದಳು.

"ನನ್ನ ಹೆಸರು ದಾಟಿ ಹೋದ್ಯಲ್ಲ?"

"ನೀನು ಪಕ್ಕದಲ್ಲೇ ಇದ್ದೀಯಲ್ಲ."

"ಹಾಗಾದ್ರೆ ಬಾಯಿಬಿಟ್ಟು ಕೇಳು."

"ಬಾಯಿ ಬರ್ತಿಲ್ಲ ಅಕ್ಕಾ. ನೀನು ಇಲ್ಲ ಅಂದ್ರೆ ನಿನ್ನ ಮುಖ ಹೇಗೆ ನೋಡ್ಲಿ? ಹೂಂ ಅಂದ್ರೆ ನಿನ್ನ ಮಕ್ಕಳ ಮುಖ ಹೇಗೆ ನೋಡ್ಲಿ?"

ಅಕ್ಕ ಪರದೆಯ ಮೇಲೆ ತನ್ನ ಹೆಸರಿಗೆ ಬೆರಳಿಟ್ಟಳು. ನನ್ನ ಪದ್ಯ ಅಲ್ಲಿಗೇ ನಿಂತಿತ್ತು.

"ಮೇಲ್ ಕಳಿಸೋಕೆ ಮುಖ ನೋಡ್ಬೇಕಾಗಿಲ್ಲ ಕಣೇ. ಟಿಕ್ ಹಾಕು."

ತಂಗಿ ಹಾಕಿದಳು. ಅಕ್ಕನ ಕೈಚೀಲದಲ್ಲಿ ಫೋನು ಟಿಣ್ ಎಂದಿತು. ತೆಗೆದು, ಕೊನೆಯವರೆಗೂ ಓದಿದಳು.

"ಮೊದಲು ರಕ್ತ ಪರೀಕ್ಷೆ ಅಂತಿದೆ. ಲ್ಯಾಬ್ ಯಾವ ಕಡೆ?"

"ಎಡಕ್ಕೆ."

"ಏಳು, ಈ ಚೀಲ ಹಿಡ್ಕೋ."

ಇಬ್ಬರೂ ಎಡಕ್ಕೆ ತಿರುಗಿ ಹೋದರು.